ಗುಡ್ಡ ಕಡಿಯುವ ಕೈ, ಗಂಟೆ ಬಾರಿಸುವ ಕೈ

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿದ್ದ ಚಹಾ ಅಂಗಡಿಯನ್ನೂ ಅಲ್ಲಿ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿತು. ಮೂರು ದಿನಗಳ ತರುವಾಯ, ಜುಲೈ 19ರಂದು, ಕೋಲ್ಕತ್ತದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರದ ಉದ್ಘಾಟನೆಯಾಯಿತು. ಜೊತೆಗೊಂದು ಅಂತರ್ಜಾಲ ತಾಣ, ಒಂದು ಮೊಬೈಲ್ ಆ್ಯಪ್. ಅದಾದ ಹನ್ನೊಂದನೆಯ ದಿನ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಊರುಗಳು ಮಲಗಿದ್ದಂತೆಯೇ ಮಣ್ಣಿನಡಿ ಸೇರಿದವು. ಸತ್ತವರ ಸಂಖ್ಯೆ ಇನ್ನೂರೈವತ್ತನ್ನು ದಾಟಿತು.

ಈ ಮೂರು ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ಆ ಕೇಂದ್ರವನ್ನು ಗೇಲಿ ಮಾಡುವುದು ಸುಲಭ. ಅದು ನ್ಯಾಯವಲ್ಲ. ಆರಂಭದಲ್ಲಿ ಅದು ನಿತ್ಯದ ಮುನ್ಸೂಚನೆ ನೀಡಲು ಅಣಿಯಾಗಿದ್ದುದು ಡಾರ್ಜಿಲಿಂಗ್, ಕಾಲಿಂಪಾಂಗ್ ಮತ್ತು ನೀಲಗಿರಿ ಜಿಲ್ಲೆಗಳಿಗೆ ಮಾತ್ರ. ವಯನಾಡಿನದು ಇನ್ನೂ ಪ್ರಯೋಗದ ಹಂತದಲ್ಲಿತ್ತು. ಅಲ್ಲಿ ದುಡಿಯುವ ಭೂವಿಜ್ಞಾನಿಗಳ ಶ್ರಮದ ಬಗ್ಗೆ ನಮಗೆ ಗೌರವವಿದೆ. ನಮ್ಮ ತಕರಾರಿರುವುದು ಅವರ ಯಂತ್ರಗಳೊಡನೆ ಅಲ್ಲ, ಆ ಯಂತ್ರಗಳನ್ನು ಕೈಗೆತ್ತಿಕೊಂಡಿರುವ ಆಲೋಚನೆಯೊಡನೆ. ಗುಡ್ಡದ ಕುರಿತು ಸರ್ಕಾರದ ಕರ್ತವ್ಯವೆಂದರೆ ಅದು ಯಾವಾಗ ಬೀಳುತ್ತದೆಂದು ಹೇಳುವುದು. ಯಾರು ಅದನ್ನು ಬೀಳಿಸುತ್ತಿದ್ದಾರೆಂದು ಕೇಳುವುದಲ್ಲ. ಈ ನಂಬಿಕೆ ಇಂದು ದೆಹಲಿಯಿಂದ ತಾಲೂಕು ಕಚೇರಿಯವರೆಗೆ ಹಬ್ಬಿದೆ. ಇದಕ್ಕೆ ‘ನಿರ್ವಹಣೆ’ ಎಂದು ಹೆಸರು.

ಈ ಪದ ಬಂದ ದಾರಿಯನ್ನು ಒಮ್ಮೆ ನೋಡೋಣ. 2005ರ ವಿಪತ್ತು ನಿರ್ವಹಣಾ ಕಾಯ್ದೆ ವಿಪತ್ತೆಂದರೇನೆಂದು ವಿವರಿಸುವಾಗ ನಿಸರ್ಗದ ಕಾರಣಗಳ ಜೊತೆಗೆ ಮಾನವನಿರ್ಮಿತ ಕಾರಣ, ಅಪಘಾತ, ನಿರ್ಲಕ್ಷ್ಯ ಎಂಬ ಪದಗಳನ್ನೂ ಬಳಸುತ್ತದೆ. ಓದಿದಾಗ ಸಮಾಧಾನವೆನಿಸುತ್ತದೆ. ಆದರೆ ಅದೇ ಕಾಯ್ದೆಯ ಅಪರಾಧ ಮತ್ತು ಶಿಕ್ಷೆಗಳ ಅಧ್ಯಾಯವನ್ನು ತೆರೆದು ನೋಡಿ. ಅಧಿಕಾರಿಯ ಕೆಲಸಕ್ಕೆ ಅಡ್ಡಿಪಡಿಸಿದವನಿಗೆ ಶಿಕ್ಷೆಯಿದೆ. ಸುಳ್ಳು ಹೇಳಿ ಪರಿಹಾರ ಪಡೆದವನಿಗೆ ಶಿಕ್ಷೆಯಿದೆ. 54ನೆಯ ಕಲಮಿನ ಪ್ರಕಾರ, ವಿಪತ್ತಿನ ಬಗ್ಗೆ ಸುಳ್ಳು ಎಚ್ಚರಿಕೆ ಹಬ್ಬಿಸಿ ಜನರಲ್ಲಿ ದಿಗಿಲು ಹುಟ್ಟಿಸಿದವನಿಗೆ ಒಂದು ವರ್ಷದವರೆಗೆ ಸೆರೆವಾಸವಿದೆ. ಗುಡ್ಡದ ಬುಡ ಕಡಿದು ವಿಪತ್ತನ್ನೇ ತಂದೊಡ್ಡಿದವನಿಗೆಂದು ಆ ಅಧ್ಯಾಯದಲ್ಲಿ ಒಂದು ಕಲಮೂ ಇಲ್ಲ. ನಿರ್ಲಕ್ಷ್ಯವೆಂಬ ಪದ ವ್ಯಾಖ್ಯೆಯ ಸಾಲಿನಲ್ಲಿಯೇ ಕುಳಿತು ಹೋಯಿತು. ‘ಗುಡ್ಡ ಬಿರುಕು ಬಿಟ್ಟಿದೆ, ಓಡಿ’ ಎಂದು ಕೂಗಿದ ಹಳ್ಳಿಗನ ಕೂಗು ತಪ್ಪೆಂದು ಸಾಬೀತಾದರೆ ಅವನನ್ನು ಹಿಡಿಯಬಹುದು. ಬಿರುಕು ಬಿಡುವಂತೆ ಕಡಿದವನು ಈ ಕಾಯ್ದೆಗೆ ಕಾಣಿಸುವುದೇ ಇಲ್ಲ.

2025ರ ಮಾರ್ಚ್‌ನಲ್ಲಿ ಸಂಸತ್ತಿನ ಒಪ್ಪಿಗೆ ಪಡೆದ ತಿದ್ದುಪಡಿ ಇದನ್ನು ಸರಿಪಡಿಸುವ ಗೊಡವೆಗೆ ಹೋಗಲಿಲ್ಲ. ರಾಷ್ಟ್ರ ಮತ್ತು ರಾಜ್ಯ ಮಟ್ಟದಲ್ಲಿ ವಿಪತ್ತುಗಳ ದತ್ತಾಂಶ ಸಂಗ್ರಹ, ಅದರೊಳಗೆ ಅಪಾಯಗಳ ನೋಂದಣಿ ಪುಸ್ತಕ ಇರತಕ್ಕದ್ದೆಂದು ವಿಧಿಸಿತು. ಈ ನೋಂದಣಿ ಪುಸ್ತಕ ಎಲ್ಲಿಂದ ಬಂತು? ಕಂಪನಿಗಳ ಆಡಳಿತ ಕೊಠಡಿಯಿಂದ. ಒಂದು ಅಪಾಯ ಎಷ್ಟು ಸಂಭವನೀಯ, ಸಂಭವಿಸಿದರೆ ಎಷ್ಟು ನಷ್ಟ ಎಂದು ಎರಡು ಅಂಕ ಕೊಡುವುದು, ಎರಡನ್ನೂ ಗುಣಿಸುವುದು, ಬಂದ ಉತ್ತರವನ್ನು ಹಸಿರು, ಹಳದಿ, ಕೆಂಪು ಮನೆಗಳಲ್ಲಿ ತುಂಬುವುದು. ಬ್ರಿಟನ್ 2008ರಲ್ಲಿ ಇಂತಹ ರಾಷ್ಟ್ರೀಯ ಪುಸ್ತಕವನ್ನು ಮೊದಲಿಗೆ ಪ್ರಕಟಿಸಿತು. ಇಂಥ ಪುಸ್ತಕ ಇರಬಾರದೆಂದು ನಾವು ಹೇಳುವುದಿಲ್ಲ. ಆದರೆ ಅದರಲ್ಲಿ ಒಂದು ಕಾಲಮು ಮಾತ್ರ ಎಂದಿಗೂ ಇರುವುದಿಲ್ಲ: ಈ ಅಪಾಯವನ್ನು ಸೃಷ್ಟಿಸಿದವರು ಯಾರು, ಅದರಿಂದ ಲಾಭ ಪಡೆದವರು ಯಾರು? ಕೋಷ್ಟಕದೊಳಗೆ ಬಂದ ಕೂಡಲೇ ಗುತ್ತಿಗೆದಾರ ಕಡಿದ ಧರೆಯೂ ಆಕಾಶದಿಂದ ಬಿದ್ದ ಸಿಡಿಲೂ ಸರಿಸಮಾನ. ಎರಡೂ ‘ಅಪಾಯ’, ಎರಡನ್ನೂ ‘ನಿರ್ವಹಿಸ’ಬೇಕು.

ಲಂಡನ್ನಿನಲ್ಲಿ ಲೆಕ್ಕಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಮೈಕೆಲ್ ಪವರ್ 2004ರಲ್ಲಿಯೇ ಈ ಪ್ರವೃತ್ತಿಯನ್ನು ಕುರಿತು ಒಂದು ಪುಸ್ತಿಕೆ ಬರೆದರು. ಸಂಸ್ಥೆಗಳು ಅಪಾಯವನ್ನು ನಿರ್ವಹಿಸುತ್ತೇವೆನ್ನುತ್ತ ಕ್ರಮೇಣ ತಮ್ಮ ಮೇಲೆ ಬರಬಹುದಾದ ದೂರನ್ನು ನಿರ್ವಹಿಸತೊಡಗುತ್ತವೆ ಎಂಬುದು ಅವರ ವಾದದ ತಿರುಳು. ಅದಕ್ಕೆ ಸಾಕ್ಷಿ ಬೇಕಿದ್ದವರು ವಯನಾಡಿನ ಮರುದಿನವನ್ನು ನೆನೆಯಬಹುದು. 2024ರ ಜುಲೈ 31ರಂದು ಇನ್ನೂ ಶವಗಳನ್ನು ಎತ್ತುತ್ತಿದ್ದಾಗ, ಜುಲೈ 23ರಿಂದಲೇ ಎಚ್ಚರಿಕೆ ಕೊಟ್ಟಿದ್ದೆವೆಂದು ಕೇಂದ್ರ ಗೃಹಸಚಿವ ಅಮಿತ್ ಶಾ ರಾಜ್ಯಸಭೆಯಲ್ಲಿ ಹೇಳಿದರು. ಹವಾಮಾನ ಇಲಾಖೆ ಕೊಟ್ಟದ್ದು ಕಿತ್ತಳೆ ಎಚ್ಚರಿಕೆ, ಕೆಂಪು ಬಂದದ್ದು ಗುಡ್ಡ ಕುಸಿದ ಮೇಲೆ ಬೆಳಗಿನ ಆರು ಗಂಟೆಗೆ, ಭೂವೈಜ್ಞಾನಿಕ ಸಂಸ್ಥೆ ಕೊಟ್ಟದ್ದಂತೂ ಹಸಿರು ಎಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಉತ್ತರಿಸಿದರು. ಇಬ್ಬರಲ್ಲಿ ಯಾರದು ಸರಿ ಎಂದು ಪತ್ರಿಕೆಗಳು ವಾರವಿಡೀ ತೂಗಿದವು. ನಮಗೆ ಕಾಣುವ ಸಂಗತಿಯೇ ಬೇರೆ. ಒಂದು ಊರು ಅಳಿದ ದಿನ ದೇಶದ ರಾಜಕಾರಣ ಬಣ್ಣದ ಬಗ್ಗೆ ಜಗಳವಾಡಿತು. ಅದೇ ಮೇಪ್ಪಾಡಿ ಪಂಚಾಯಿತಿಯ ಪುತ್ತುಮಲದಲ್ಲಿ 2019ರ ಆಗಸ್ಟ್ 8ರಂದು ಗುಡ್ಡ ಜಾರಿ 17 ಮಂದಿ ಸತ್ತಿದ್ದರೆಂಬುದಾಗಲಿ, ಆ ಊರುಗಳಿರುವ ವೈತಿರಿ ತಾಲೂಕನ್ನು ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿಯೇ ಅತಿ ಸೂಕ್ಷ್ಮವಾದ ಮೊದಲನೆಯ ವಲಯದಲ್ಲಿ ಇರಿಸಿತ್ತೆಂಬುದಾಗಲಿ ಆ ಜಗಳದ ವಿಷಯವಾಗಲಿಲ್ಲ. ಎಚ್ಚರಿಕೆ ಕೊಡುವ ವ್ಯವಸ್ಥೆ ಬಂದರೆ ಜೀವ ಉಳಿಯುತ್ತದೆಯೋ ಇಲ್ಲವೋ, ‘ನಾವು ಹೇಳಿದ್ದೆವು’ ಎನ್ನಲು ಒಂದು ದಾಖಲೆಯಂತೂ ಉಳಿಯುತ್ತದೆ.

ಕಲ್ಪೆಟ್ಟದ ಹ್ಯೂಮ್ ಪರಿಸರ ಕೇಂದ್ರದ ಕಥೆ ಇಲ್ಲಿ ಹೇಳಲೇಬೇಕು. ಈ ಪುಟ್ಟ ಸಂಸ್ಥೆ ವಯನಾಡಿನುದ್ದಕ್ಕೂ ಸುಮಾರು 200 ಮಳೆಮಾಪಕಗಳ ಜಾಲವನ್ನು ಕಟ್ಟಿಕೊಂಡು, ಊರವರ ನೆರವಿನಿಂದ ದಿನದಿನದ ಮಳೆ ಲೆಕ್ಕವಿಡುತ್ತದೆ. ಮುಂಡಕ್ಕೈ ಸುತ್ತಿನ ಮಳೆ ಅಪಾಯದ ಗೆರೆ ಮುಟ್ಟುತ್ತಿದೆಯೆಂದು ಅದು ಹಿಂದಿನ ದಿನವೇ ಜಿಲ್ಲಾಡಳಿತಕ್ಕೆ ತಿಳಿಸಿತ್ತೆಂದು ಆಗಲೇ ವರದಿಯಾಯಿತು. ಉಪಗ್ರಹಕ್ಕೂ ಗಣಕಯಂತ್ರಕ್ಕೂ ಕಾಣದ್ದು ಅಂಗಳದ ಮಳೆಮಾಪಕಕ್ಕೆ ಕಂಡಿತ್ತು. ಆದರೆ ಆ ಮಾತನ್ನು ಆಜ್ಞೆಯಾಗಿ ಬದಲಿಸುವ ಅಧಿಕಾರ ಆ ಅಂಗಳದಲ್ಲಿರಲಿಲ್ಲ.

ತಾಂತ್ರಿಕ ಮಾತು ಬಂದದ್ದರಿಂದ ನಕ್ಷೆಗಳ ವಿಷಯವನ್ನೂ ನೋಡಿಬಿಡೋಣ. ದೇಶದ ಸುಮಾರು 4.2 ಲಕ್ಷ ಚದರ ಕಿಲೋಮೀಟರ್, ಅಂದರೆ ಶೇ 12.6ರಷ್ಟು ನೆಲ, ಭೂಕುಸಿತಕ್ಕೆ ಈಡಾಗಬಲ್ಲದ್ದೆಂದು ಗುರುತಿಸಲಾಗಿದೆ. ಭೂವೈಜ್ಞಾನಿಕ ಸಂಸ್ಥೆ ಇದರ ನಕ್ಷೆ ಬರೆದಿರುವುದು 1:50,000 ಪ್ರಮಾಣದಲ್ಲಿ. ಆ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲಿನ ಅರ್ಧ ಕಿಲೋಮೀಟರಿಗೆ ಸಮ. ಹತ್ತು ಮೀಟರ್ ಅಗಲದ ಮನೆ ಅದರಲ್ಲಿ 0.2 ಮಿಲಿಮೀಟರ್, ಪೆನ್ನಿನ ಗೆರೆಗಿಂತ ಸಣ್ಣದು. ಜಿಲ್ಲೆಯ ಯೋಜನೆಗೆ ಇದು ಅತ್ಯಗತ್ಯವಾದ ನಕ್ಷೆ, ಸಂಶಯವಿಲ್ಲ. ಆದರೆ ಮನೆಯ ಹಿಂದಿನ ಧರೆ ಇಂದು ರಾತ್ರಿ ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಹುಡುಕುವಂತಿಲ್ಲ. ಇಸ್ರೋ 2023ರಲ್ಲಿ ಹೊರತಂದ ಭೂಕುಸಿತ ಅಟ್ಲಾಸ್ 147 ಜಿಲ್ಲೆಗಳಿಗೆ ಕ್ರಮಾಂಕ ಕೊಟ್ಟಿತು. ರುದ್ರಪ್ರಯಾಗಕ್ಕೆ ಮೊದಲ ಸ್ಥಾನ, ವಯನಾಡಿಗೆ ಹದಿಮೂರನೆಯದು. ಪರೀಕ್ಷೆಯ ಫಲಿತಾಂಶದಂತೆ ಪತ್ರಿಕೆಗಳು ಅದನ್ನು ಅಚ್ಚು ಹಾಕಿದವು. ಕ್ರಮಾಂಕ ಬಂದ ಮೇಲೆ ಯಾವ ಜಿಲ್ಲೆಯಲ್ಲಿ ಯಾವ ಪರವಾನಗಿ ನಿಂತಿತು?

ಈಗ ಕೃತಕ ಬುದ್ಧಿಮತ್ತೆಯ ಸರದಿ. ಹಳೆಯ ಕುಸಿತಗಳನ್ನೂ ಮಳೆಯ ಲೆಕ್ಕವನ್ನೂ ಯಂತ್ರಕ್ಕೆ ಉಣಿಸಿದರೆ ಅದು ಮುಂದಿನ ಕುಸಿತವನ್ನು ಹೇಳಿಕೊಡುತ್ತದಂತೆ. ಸ್ವಲ್ಪ ಮಟ್ಟಿಗೆ ಹೇಳಲೂಬಹುದು. ಆದರೆ ಯಂತ್ರ ಕಲಿಯುವುದು ಕಳೆದ ಕಾಲದಿಂದ. ಕಳೆದ ಬೇಸಿಗೆಯಲ್ಲಿ ಹಿಟಾಚಿ ಕಡಿದ ಧರೆ ಆ ಕಳೆದ ಕಾಲದಲ್ಲಿಲ್ಲ. ನಮ್ಮ ಘಟ್ಟದ ಅಂಚಿನಲ್ಲಿ ಮೇಲೆ ಜಂಬಿಟ್ಟಿಗೆ ಕಲ್ಲು, ಅದರಡಿ ಶೇಡಿಮಣ್ಣು. ಬಿಸಿಲಿನಲ್ಲಿ ಕಡಿದಾಗ ಈ ಮಣ್ಣು ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಎಂಜಿನಿಯರನಿಗೂ ಗುತ್ತಿಗೆದಾರನಿಗೂ ಧೈರ್ಯ ಬರುವುದು ಅಲ್ಲಿಯೇ. ಆಷಾಢದ ಮಳೆ ಇಳಿದು ಕಣಕಣದ ನಡುವೆ ನೀರು ತುಂಬಿದಾಗ ಒಳಗಿನ ಒತ್ತಡ ಏರಿ ಮಣ್ಣಿನ ಹಿಡಿತ ಸಡಿಲವಾಗುತ್ತದೆ. ಅಂಥ ಹೊತ್ತಿನಲ್ಲಿ ಗುಡ್ಡಕ್ಕೆ ಆಸರೆಯಾಗಿರುವುದು ಅದರ ಬುಡ. ರಸ್ತೆಗಾಗಿ ನಾವು ತೆಗೆದದ್ದು ಅದನ್ನೇ. ಇದನ್ನು ತಿಳಿಯಲು ಕೃತಕ ಬುದ್ಧಿ ಬೇಕಿಲ್ಲ. ಮಲೆನಾಡಿನಲ್ಲಿ ಮನೆಯ ಹಿಂದೆ ಧರೆ ಇರುವ ಯಾವ ಅಜ್ಜಿಗೂ ಗೊತ್ತು.

ಮುನ್ನೆಚ್ಚರಿಕೆಯಿಂದ ಉಪಯೋಗವೇ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. 1999ರ ಮಹಾ ಚಂಡಮಾರುತದಲ್ಲಿ ಒಡಿಶಾ ಸುಮಾರು ಹತ್ತು ಸಾವಿರ ಜನರನ್ನು ಕಳೆದುಕೊಂಡಿತು. 2013ರ ಫೈಲಿನ್ ಬಂದಾಗ ಲಕ್ಷಾಂತರ ಜನರನ್ನು ಮೊದಲೇ ಸಾಗಿಸಿದ್ದರಿಂದ ಸಾವು ಐವತ್ತರೊಳಗೆ ನಿಂತಿತು. ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರವೂ 1988ರ ಬರ ಉಸ್ತುವಾರಿ ಘಟಕದಿಂದ ಬೆಳೆದು, ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಹಬ್ಬಿಸಿದೆ. ಇದು ಹೆಮ್ಮೆಪಡಬೇಕಾದ ಕೆಲಸವೇ. ಆದರೆ ಚಂಡಮಾರುತವನ್ನು ಯಾವ ಸಚಿವಾಲಯವೂ ಮಂಜೂರು ಮಾಡುವುದಿಲ್ಲ. ಅದು ಸಮುದ್ರದಿಂದ ಬರುತ್ತದೆ, ದಿನಗಟ್ಟಲೆ ಕಣ್ಣಿಗೆ ಕಾಣುತ್ತಾ ಬರುತ್ತದೆ, ಆಶ್ರಯಧಾಮಗಳು ಕಟ್ಟಿ ನಿಂತಿರುತ್ತವೆ. ಹೆದ್ದಾರಿಯ ಮೇಲಿನ ಧರೆಗೆ ಮಂಜೂರಾತಿ ಪತ್ರವಿದೆ, ಸಹಿಯಿದೆ, ಬಿಲ್ಲು ಪಾವತಿಯಾಗಿದೆ. ಒಡಿಶಾದ ಯಶಸ್ಸನ್ನು ಹೇಳಿ ಘಟ್ಟದ ಪ್ರಶ್ನೆಯನ್ನು ಮುಚ್ಚುವುದು ಸಲ್ಲದು.

ಇನ್ನು, ಎಚ್ಚರಿಕೆಯ ಗೆರೆ ಎಲ್ಲಿರಬೇಕು? ಎಷ್ಟು ಮಿಲಿಮೀಟರ್ ಮಳೆಗೆ ಊರು ಬಿಡಿಸಬೇಕು? ಇದನ್ನು ತಜ್ಞರ ಲೆಕ್ಕವೆಂದು ಬಿಟ್ಟುಬಿಟ್ಟಿದ್ದೇವೆ. ಲೆಕ್ಕ ಅವರದೇ ಸರಿ, ನಿರ್ಧಾರ ಮಾತ್ರ ಅವರದಲ್ಲ. ಗೆರೆಯನ್ನು ಕೆಳಗೆ ಎಳೆದರೆ ಹತ್ತು ಬಾರಿ ಊರು ಬಿಟ್ಟು ಒಂಬತ್ತು ಬಾರಿ ಏನೂ ಆಗದೆ ಮರಳಬೇಕು. ಮೇಲೆ ಎಳೆದರೆ ಆ ಹತ್ತನೆಯದು ತಪ್ಪಿಹೋಗುತ್ತದೆ. ಸಂಬಳದ ನೌಕರನಿಗೆ ಒಂಬತ್ತು ಸುಳ್ಳು ಎಚ್ಚರಿಕೆ ಒಂಬತ್ತು ರಜೆ. ತೋಟದ ಲೈನ್ ಮನೆಯ ಕೂಲಿಗೆ ಒಂಬತ್ತು ದಿನದ ಗಂಜಿ. ಅವಳ ಕೂಲಿಯನ್ನು ಆ ದಿನಗಳಿಗೆ ಯಾರು ಕೊಡುತ್ತಾರೆಂದು ಯಾವ ಎಚ್ಚರಿಕೆ ಸಂದೇಶದಲ್ಲೂ ಬರೆದಿರುವುದಿಲ್ಲ. ದನಕರುಗಳನ್ನು ಏನು ಮಾಡಬೇಕೆಂದೂ ಬರೆದಿರುವುದಿಲ್ಲ. ಅವಳು ಮನೆಯಲ್ಲಿಯೇ ಉಳಿದು ಸತ್ತರೆ ‘ಎಚ್ಚರಿಕೆಗೆ ಕಿವಿಗೊಡಲಿಲ್ಲ’ ಎಂಬ ಷರಾ ಮಾತ್ರ ಬರೆಯಲಾಗುತ್ತದೆ. ಹೀಗೆ ಮೇಲಿನಿಂದ ಕೆಳಕ್ಕೆ ಇಳಿಯುವುದು ರಕ್ಷಣೆಯಲ್ಲ, ಹೊಣೆ.

2020ರ ಆಗಸ್ಟ್ 6ರ ರಾತ್ರಿ ಮುನ್ನಾರಿನ ಬಳಿಯ ಪೆಟ್ಟಿಮುಡಿಯಲ್ಲಿ ಚಹಾ ತೋಟದ ಕಾರ್ಮಿಕರ ಸಾಲುಮನೆಗಳ ಮೇಲೆ ಗುಡ್ಡ ಬಿದ್ದು 70 ಜನ ಸತ್ತರು. ಆ ಹೊತ್ತಿಗೆ ದೂರವಾಣಿ ಸಂಪರ್ಕವೇ ಇರಲಿಲ್ಲ; ಸುದ್ದಿ ಹೊರಗೆ ತಿಳಿದದ್ದು ಮರುದಿನ ಬೆಳಿಗ್ಗೆ. ಅದೇ ಮುನ್ನಾರಿನ ಪಟ್ಟಣದ ಇಳಿಜಾರಿನಲ್ಲಿ ಒಂದು ದಶಕದಿಂದ ಭೂಕುಸಿತ ಸಂವೇದಕಗಳ ಪ್ರಸಿದ್ಧ ಪ್ರಯೋಗ ನಡೆದಿತ್ತು. 2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲುಗಳೆಲ್ಲ ಒಮ್ಮೆಲೇ ಚೀರಿ ಪರೀಕ್ಷಾರ್ಥ ತುರ್ತು ಸಂದೇಶ ಬಂದುದು ಓದುಗರಿಗೆ ನೆನಪಿರಬಹುದು. ಟವರಿನ ವ್ಯಾಪ್ತಿಗೆ ಬರದ ಕೇರಿಗಳಲ್ಲಿ ಅಂದು ಯಾವ ಸದ್ದೂ ಕೇಳಲಿಲ್ಲ.

ತಂತ್ರಜ್ಞಾನ ಜನರಿಗೆ ತಿಳಿಸುವುದಕ್ಕೆಂದೇ ಇದೆ ಎಂದು ನಂಬುವವರಿಗೆ ಜೋಶಿಮಠದ ಉದಾಹರಣೆ ಸಾಕು. ಅಲ್ಲಿ ಭಾರೀ ಕಟ್ಟಡ ಕೂಡದು, ಇಳಿಜಾರಿನ ಬಂಡೆಗಳನ್ನು ಅಗೆದು ಸಿಡಿಸಕೂಡದು, ಮರ ಕಡಿಯಕೂಡದು ಎಂದು ಮಿಶ್ರಾ ಸಮಿತಿ 1976ರಲ್ಲಿ ಹೇಳಿತ್ತು. ಮಾತು ಕಡತ ಸೇರಿತು. 2023ರ ಜನವರಿಯಲ್ಲಿ ಮನೆಗಳು ಬಿರಿಯತೊಡಗಿದಾಗ, ಹನ್ನೆರಡು ದಿನಗಳಲ್ಲಿ ಪಟ್ಟಣ 5.4 ಸೆಂಟಿಮೀಟರ್ ಕುಸಿದಿದೆಯೆಂದು ಇಸ್ರೋದ ಉಪಗ್ರಹ ಚಿತ್ರಗಳು ತೋರಿಸಿದವು. ಒಳ್ಳೆಯ ತಂತ್ರಜ್ಞಾನ, ಒಳ್ಳೆಯ ವಿಜ್ಞಾನ. ಆಗ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಮಾಡಿದ್ದೇನು? ಮಾಧ್ಯಮಗಳೊಡನೆ ಮಾತನಾಡಬಾರದು, ದತ್ತಾಂಶ ಹಂಚಿಕೊಳ್ಳಬಾರದು ಎಂದು ಹನ್ನೆರಡಕ್ಕೂ ಹೆಚ್ಚು ಸಂಸ್ಥೆಗಳಿಗೆ ಸೂಚಿಸಿತು. ವರದಿ ತಾಣದಿಂದ ಮಾಯವಾಯಿತು. ತಾನು ನಿಂತ ನೆಲ ಎಷ್ಟು ಕುಸಿದಿದೆ ಎಂಬುದು ಆ ನೆಲದ ಮೇಲಿನವನಿಗೆ ತಿಳಿಯಬಾರದ ರಹಸ್ಯವಾಯಿತು. ಇದೂ ನಿರ್ವಹಣೆಯೇ.

ನಮ್ಮ ಪಶ್ಚಿಮಘಟ್ಟದಲ್ಲಿ ತಂತ್ರಜ್ಞಾನ ಇನ್ನೂ ಸೂಕ್ಷ್ಮವಾದ ಕೆಲಸ ಮಾಡಿತು. ಗಾಡ್ಗೀಳ್ ಸಮಿತಿ ಇಡೀ ಘಟ್ಟವನ್ನು ಸೂಕ್ಷ್ಮವೆಂದು ತಿಳಿದು ಮೂರು ವಲಯಗಳನ್ನಾಗಿ ವಿಂಗಡಿಸಿತು; ಅದರ ಚೌಕಗಳು ಒರಟು, ಒಂಬತ್ತು ಕಿಲೋಮೀಟರ್ ಉದ್ದಗಲದವು; ಅಂತಿಮ ಗೆರೆಯನ್ನು ಗ್ರಾಮಸಭೆಗಳೊಡನೆ ಕುಳಿತು ಎಳೆಯಬೇಕೆಂದು ಅದು ಹೇಳಿತ್ತು. 2011ರ ಆಗಸ್ಟ್‌ನಲ್ಲಿ ಕೊಟ್ಟ ಆ ವರದಿಯನ್ನು ಒಂಬತ್ತು ತಿಂಗಳು ಬಚ್ಚಿಟ್ಟು, ಮಾಹಿತಿ ಹಕ್ಕಿನ ಹೋರಾಟ ದೆಹಲಿ ಹೈಕೋರ್ಟಿನವರೆಗೆ ಹೋದ ಬಳಿಕ 2012ರ ಮೇ ತಿಂಗಳಲ್ಲಿ ಹೊರಬಿಡಲಾಯಿತು. ಆಮೇಲೆ ಬಂದ ಕಸ್ತೂರಿರಂಗನ್ ಸಮಿತಿ 24 ಮೀಟರ್ ಸೂಕ್ಷ್ಮತೆಯ ಉಪಗ್ರಹ ಚಿತ್ರಗಳನ್ನು ಬಳಸಿತು. ಚಿತ್ರ ಸ್ಪಷ್ಟವಾಯಿತು, ಸೂಕ್ಷ್ಮ ಪ್ರದೇಶ ಶೇ 37ಕ್ಕೆ ಇಳಿಯಿತು, ಗ್ರಾಮಸಭೆ ಚಿತ್ರದಿಂದಲೇ ಹೊರಬಿತ್ತು. ಮೇಲಿನಿಂದ ಬಂದ ಪಟ್ಟಿಯಲ್ಲಿ ತಮ್ಮ ಊರಿನ ಹೆಸರು ಕಂಡ ರೈತರು ಹೆದರಿದ್ದು ಸಹಜ. ಆ ಭಯವನ್ನು ಗಣಿಯವರೂ ರೆಸಾರ್ಟಿನವರೂ ಚೆನ್ನಾಗಿ ಬಳಸಿಕೊಂಡರು. 2014ರಿಂದ ಕರಡು ಅಧಿಸೂಚನೆಗಳು ಒಂದರ ಹಿಂದೊಂದು ಬಂದು ಅವಧಿ ಮುಗಿಸಿದವು. ಆರನೆಯದು ಹೊರಟದ್ದು 2024ರ ಜುಲೈ 31ರಂದು, ವಯನಾಡು ಕುಸಿದ ಮರುದಿನ. ಶಿರೂರಿನ ಮಣ್ಣು ಒಣಗುವ ಮುನ್ನ, ಸೆಪ್ಟೆಂಬರ್ 26ರಂದು, ನಮ್ಮ ರಾಜ್ಯದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಅದರ ಬದಲಿಗೆ ಘಟ್ಟಕ್ಕೆ ಯಾವ ರಕ್ಷಣೆ ಕೊಡುತ್ತೀರಿ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಅಪಾಯವನ್ನು ಹುಟ್ಟಿಸುವ ಕಾರ್ಖಾನೆಯಂತೂ ನಿಂತಿಲ್ಲ. 2013ರ ಆಗಸ್ಟ್‌ನಲ್ಲಿ ಪರಿಸರ ಸಚಿವಾಲಯ ನಿಯಮ ಬದಲಿಸಿ, 100 ಕಿಲೋಮೀಟರಿನೊಳಗಿನ ಹೆದ್ದಾರಿ ವಿಸ್ತರಣೆಗೆ, ಈಗಿರುವ ದಾರಿಯಲ್ಲಿ ಹೆಚ್ಚುವರಿ ಅಗಲ 40 ಮೀಟರಿನೊಳಗಿದ್ದರೆ ಪೂರ್ವಾನುಮತಿ ಬೇಡವೆಂದಿತು. ನಲವತ್ತು ಮೀಟರ್ ಬಯಲುಸೀಮೆಯಲ್ಲಿ ಒಂದು ಹೊಲದ ಅಂಚು. ಘಟ್ಟದ ಕಡಿದಾದ ಇಳಿಜಾರಿನಲ್ಲಿ ಒಂದು ಗುಡ್ಡದ ಬುಡ. ಉತ್ತರಾಖಂಡದ ಸುಮಾರು 900 ಕಿಲೋಮೀಟರಿನ ಚಾರ್‌ಧಾಮ್ ರಸ್ತೆಯನ್ನು 53 ತುಂಡು ಮಾಡಿ, ಇಡಿಯಾಗಿ ಪರಿಸರ ಪರಿಣಾಮ ಅಧ್ಯಯನವಿಲ್ಲದೆಯೇ ಕೆಲಸ ನಡೆಸಲಾಯಿತು. ಅದೇ ಯೋಜನೆಯ ಸಿಲ್ಕ್ಯಾರಾ ಸುರಂಗ 2023ರ ನವೆಂಬರ್ 12ರಂದು ಕುಸಿದು 41 ಕಾರ್ಮಿಕರು 17 ದಿನ ಒಳಗೆ ಸಿಲುಕಿದರು. ವಿದೇಶದಿಂದ ತಂದ ಕೊರೆಯುವ ಯಂತ್ರ ಮುರಿದು ನಿಂತಾಗ, ಉಳಿದ ಹತ್ತು ಹನ್ನೆರಡು ಮೀಟರನ್ನು ಕೈಯಿಂದ ಅಗೆದು ಅವರನ್ನು ಹೊರತಂದವರು ಇಲಿಬಿಲ ಗಣಿಯ ಬಡ ಕೂಲಿಗಳು. (ಅವರು ಮಾಡುವ ಗಣಿಗಾರಿಕೆಯನ್ನು ಹಸಿರು ನ್ಯಾಯಾಧಿಕರಣ 2014ರಲ್ಲಿಯೇ ನಿಷೇಧಿಸಿತ್ತೆಂಬುದು ಬೇರೆ ಮಾತು.)

ಶಿರೂರಿಗೆ ಮರಳೋಣ. ಅಲ್ಲಿಗೂ ರೇಡಾರ್ ಬಂತು, ಡ್ರೋನ್ ಬಂತು, ನೌಕಾಪಡೆಯ ಮುಳುಗುಗಾರರು ಬಂದರು, ಗೋವೆಯಿಂದ ಹೂಳೆತ್ತುವ ಯಂತ್ರ ಬಂತು. ನದಿಯ ತಳದಿಂದ ಕೇರಳದ ಲಾರಿಯೂ ಅದರ ಚಾಲಕನ ಶವವೂ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು, ಎಪ್ಪತ್ತೊಂದು ದಿನಗಳಿಗೆ. ಸತ್ತವರನ್ನು ಹುಡುಕಲು ತಂದ ಯಂತ್ರಗಳ ಹತ್ತರಲ್ಲೊಂದು ಪಾಲು ಶ್ರದ್ಧೆಯನ್ನು ರಸ್ತೆ ಅಗಲ ಮಾಡುವಾಗ ಆ ಗುಡ್ಡದ ಇಳಿಜಾರನ್ನು ಅಳೆಯಲು ತೋರಿಸಿದ್ದರೆ? ಧರೆಯ ಕೋನ ಎಷ್ಟು, ಮೆಟ್ಟಿಲು ಮೆಟ್ಟಿಲಾಗಿ ಕಡಿದರೋ ನೆಟ್ಟಗೆ ಸೀಳಿದರೋ, ಮೇಲಿನ ನೀರು ಹೋಗಲು ಚರಂಡಿ ಮಾಡಿದರೋ ಇಲ್ಲವೋ: ಇವು ಬರಿಗಣ್ಣಿಗೂ ಒಂದು ಅಳತೆ ಟೇಪಿಗೂ ಸಿಗುವ ಸಂಗತಿಗಳು. ಕೋಲ್ಕತ್ತದಿಂದ ಕಾಣಬೇಕಾದ್ದಲ್ಲ.

ಆದ್ದರಿಂದ ಓದುಗ ಮಿತ್ರರಲ್ಲಿ ಒಂದು ವಿನಂತಿ. ಮಳೆಗಾಲಕ್ಕೆ ಮುನ್ನ ನಿಮ್ಮೂರಿನಲ್ಲಿ ನಡೆಯುವ ಗ್ರಾಮಸಭೆಯಲ್ಲಿ, ಪಂಚಾಯಿತಿ ವ್ಯಾಪ್ತಿಯ ಮಳೆಮಾಪಕ ಎಲ್ಲಿದೆ, ಅದರ ದಿನದ ಲೆಕ್ಕವನ್ನು ಪಂಚಾಯಿತಿ ಫಲಕದಲ್ಲಿ ಬರೆಯುತ್ತಾರೆಯೇ ಎಂದು ಕೇಳಿ. ರಸ್ತೆ, ಕಟ್ಟಡ, ಕಾಲುವೆಗಾಗಿ ಕಳೆದ ಮೂರು ವರ್ಷಗಳಲ್ಲಿ ಕಡಿದ ಧರೆಗಳ ಪಟ್ಟಿಯನ್ನು, ಪ್ರತಿಯೊಂದಕ್ಕೂ ಒಪ್ಪಿಗೆ ಕೊಟ್ಟ ಅಧಿಕಾರಿಯ ಹುದ್ದೆಯ ಸಮೇತ, ಕೇಳಿ. ಮೇಲಿನಿಂದ ಕೆಂಪು ಬಣ್ಣ ಬರುವವರೆಗೆ ಕಾಯದೆ ಊರು ತೆರವು ಮಾಡಿಸುವ ಅಧಿಕಾರ ಸ್ಥಳದಲ್ಲಿ ಯಾರಿಗಿದೆ, ಆ ದಿನಗಳ ಕೂಲಿ ಯಾವ ಲೆಕ್ಕದಿಂದ ಬರುತ್ತದೆ ಎಂಬುದನ್ನೂ ಬಿಡಬೇಡಿ. ಬಾಯಿಮಾತಿನ ಉತ್ತರ ಒಪ್ಪದೆ ನಡಾವಳಿಯಲ್ಲಿ ಬರೆಸಿ, ಅದರ ನಕಲನ್ನು ಪತ್ರಿಕೆಗೆ ಕಳಿಸಿಕೊಡಿ. ಯಾವ ಊರಿನಲ್ಲಿ ಏನು ಉತ್ತರ ಬಂತು, ಯಾವ ಊರಿನಲ್ಲಿ ಬರಲಿಲ್ಲ ಎಂಬುದನ್ನು ಮುಂದಿನ ಸಂಚಿಕೆಗಳಲ್ಲಿ ಊರುವಾರು ಅಚ್ಚು ಹಾಕುತ್ತೇವೆ.